ಒಳಗಿನ ಚಿಲಕ

"ವೈನ್ಯಾರ, ತುದಿ ಗಟ್ಟಿ ಹಿಡೀರಿ. ಅಳಗಾಡಸಬ್ಯಾಡ್ರಿ!"

ಅಟ್ಟದ ಮೇಲಿಂದ ಬಡಿಗೇರ ಉದ್ದಪ್ಪ ಕೂಗಿದ. ಕೆಳಗೆ ನಡುಮನೆಯಲ್ಲಿ ದಾಕ್ಷಾಯಿಣಿ ಅಳತೆ ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಅಡಿಗೆಮನೆಯಲ್ಲಿ ಬೇಳೆ ಉಕ್ಕಿ ಒಲೆಗೆ ಬೀಳುವ ಚುರ್ ಸದ್ದು ಕೇಳಿತು. ಏಳುವ ಹಾಗಿರಲಿಲ್ಲ. ನೆಗೆಣ್ಣಿಯ ಕೋಣೆಗೆ ಮೆಟ್ಟಿಲು ಎಷ್ಟುದ್ದ ಬೇಕೆಂದು ಅಳೆಯಲು ಆ ಮನೆಯಲ್ಲಿ ಬಿಡುವಾಗಿ ಸಿಕ್ಕ ಕೈ ಅವಳದೇ.

"ಎಂಟೂವರಿ ಫೂಟ. ಬಿಡ್ರಿ ಇನ್ನ."

ಬಿಟ್ಟಳು. ಟೇಪು ಸರ್ರನೆ ಮೇಲೇರಿ ಉದ್ದಪ್ಪನ ಕೈಯೊಳಗಿನ ಡಬ್ಬಿ ಸೇರಿತು. ಹೋಗುವಾಗ ಹೆಬ್ಬೆರಳನ್ನು ಗೀರಿಕೊಂಡೇ ಹೋಯಿತು. ದಾಕ್ಷಾಯಿಣಿ ಬೆರಳನ್ನು ಬಾಯಲ್ಲಿಟ್ಟುಕೊಂಡು ಒಲೆಯ ಕಡೆಗೆ ಓಡಿದಳು.

ಮಸಗುಪ್ಪಿಯ ಆ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಎಡಗೋಡೆ ಒಬ್ಬರದು, ಬಲಗೋಡೆ ಇನ್ನೊಬ್ಬರದು; ಅಗಲಕ್ಕೆ ಬೆಳೆಯಲು ಒಂದು ಗೇಣು ಜಾಗವಿಲ್ಲ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡಿಗೆಮನೆ, ಮಗ್ಗುಲಿಗೆ ಒಂದು ಖೋಲಿ. ಇಷ್ಟರಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಇದ್ದದ್ದು ಖೋಲಿಗೆ ಮಾತ್ರ. ಆ ಖೋಲಿ ದಾಕ್ಷಾಯಿಣಿ ಮತ್ತು ಅವಳ ಗಂಡ ಗುರುಪಾದನದು. ನಾಲ್ಕು ತಿಂಗಳ ಹಿಂದೆ ಮೈದುನ ಮಲ್ಲೇಶನ ಮದುವೆಯಾಯಿತು. ಹುಕ್ಕೇರಿಯಿಂದ ಬಂದ ವಿದ್ಯಾ ಮೂಡಲಗಿಯ ಒಂದು ಖಾಸಗಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಹೊಸ ಜೋಡಿಗೆ ಮಲಗಲು ಜಾಗವಿಲ್ಲ. ಅವಳು ಪಡಸಾಲೆಯಲ್ಲಿ ಅತ್ತೆ ಶಿವವ್ವನ ಮಗ್ಗುಲಿಗೆ, ಅವನು ಹೊರಗೆ ಕಟ್ಟೆಯ ಮೇಲೆ. ಓಣಿಯ ಗೆಳೆಯರು ಮಲ್ಲೇಶನನ್ನು ಕಂಡಾಗಲೆಲ್ಲ "ಏನಪಾ ಮದಿಮಗಾ, ಹೊರಗ ಥಂಡಿ ಭಾಳ ಐತೇನು?" ಎಂದು ನಗತೊಡಗಿದ ಮೇಲೆ ಶಿವವ್ವನೇ ಕತ್ತೆತ್ತಿ ಅಟ್ಟ ನೋಡಿದಳು.

"ಕಾಳಿನ ಚೀಲಾ ಇಡಾಕ ಅಷ್ಟ ದೊಡ್ಡ ಜಾಗಾ ಯಾಕ ಬೇಕ? ಹಲಗಿ ಹೊಡದು ಮಂಚಾ ಹಾಕಿದ್ರ ಆತು, ರಾಜನ ಅರಮನಿ."

ಆ ಮಾತು ದಾಕ್ಷಾಯಿಣಿಯ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತು. ಅಟ್ಟವೇನು ನಿನ್ನೆ ಹುಟ್ಟಿದ್ದಲ್ಲ. ಹದಿನೆಂಟು ವರ್ಷದ ಹಿಂದೆ ಅಂಕಲಗಿಯಿಂದ ಅವಳು ಸೊಸೆಯಾಗಿ ಬಂದಾಗಲೂ ಅದು ಅಲ್ಲೇ ಇತ್ತು. ಆಗ ಖೋಲಿಯಲ್ಲಿ ಅತ್ತೆ ಮಾವ. ಅವಳಿಗೆ ಸಿಕ್ಕಿದ್ದು ನಡುಮನೆಯ ಪಡುವಣ ಮೂಲೆ, ಜೋಳದ ಚೀಲಗಳ ಮಗ್ಗುಲು. ಎರಡು ಗೋಡೆಗೆ ಒಂದೊಂದು ಮೊಳೆ ಹೊಡೆದು, ಮೂಲೆಗೆ ಅಡ್ಡವಾಗಿ ಹಗ್ಗ ಕಟ್ಟಿ, ಅದರ ಮೇಲೆ ತನ್ನದೊಂದು ಇಳಕಲ್ ಸೀರೆ ಇಳಿಬಿಟ್ಟು ಪರದೆ ಮಾಡಿಕೊಂಡಿದ್ದಳು. ಎದುರು ಮೂಲೆಯಲ್ಲಿ ದೇವರ ಜಗಲಿ, ಅದರ ಮೇಲೆ ಮನೆದೇವರುಗಳು. ದೇವರಿಗೆ ಕಾಣಬಾರದು, ಅತ್ತೆಗೆ ಕೇಳಬಾರದು ಎಂದು ಉಸಿರು ಬಿಗಿಹಿಡಿದು ನಾಲ್ಕು ವರ್ಷ ಬಾಳುವೆ ಮಾಡಿದಳು. ಈಗ ಗೋಕಾಕದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿರುವ ಮಗಳು ಲಕ್ಷ್ಮೀ ಹುಟ್ಟಿದ್ದು ಆ ಸೀರೆಯ ಹಿಂದಿನ ದಿನಗಳಲ್ಲೇ. ಮಾವ ತೀರಿಕೊಂಡರು, ಒಬ್ಬಳೇ ಮಲಗಲು ಒಲ್ಲೆನೆಂದು ಶಿವವ್ವ ಪಡಸಾಲೆಗೆ ಬಂದಳು, ಖೋಲಿ ಇವಳ ಪಾಲಿಗಾಯಿತು. ಅದೇ ವಾರ ಗೋಕಾಕಕ್ಕೆ ಹೋಗಿ ತಾನೇ ಆರಿಸಿ ಒಂದು ಹಿತ್ತಾಳೆಯ ಚಿಲಕ ತಂದು ಬಾಗಿಲಿಗೆ ಹಾಕಿಸಿದಳು. ಆ ದಿನ ಮಧ್ಯಾಹ್ನ ಒಳಗೆ ನಿಂತು ಸುಮ್ಮಸುಮ್ಮನೆ ಅದನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡಿದ್ದಳು.

ಇವಳಿಗೆ ಖೋಲಿ ಸಿಗಬೇಕಾದರೆ ಮನೆಯಲ್ಲಿ ಒಂದು ಸಾವಾಗಬೇಕಾಯಿತು. ವಿದ್ಯಾಗೆ ನಾಲ್ಕೇ ತಿಂಗಳು ಸಾಕಾಗಿತ್ತು.

ರವಿವಾರ ಅಟ್ಟ ಖಾಲಿ ಮಾಡಿದರು. ಮಲ್ಲೇಶ ಮೇಲಿಂದ ಇಳಿಸಿದ, ದಾಕ್ಷಾಯಿಣಿ ಕೆಳಗೆ ನಿಂತು ಹಿಡಿದಳು. ಬಿತ್ತನೆಯ ಜೋಳ, ಬೆಲ್ಲದ ಖಾಲಿ ಡಬ್ಬಿ, ತುಕ್ಕು ಹಿಡಿದ ಕುಂಟೆಯ ತಾಳು, ಲಕ್ಷ್ಮಿಯ ತೊಟ್ಟಿಲು. ಕಟ್ಟಕಡೆಗೆ ಕೌದಿಗಳ ಗಂಟು. ವಿದ್ಯಾ ಗಂಟು ಬಿಚ್ಚಿ ಒಂದು ಕೌದಿಯನ್ನು ನೆಲದ ಮೇಲೆ ಹರವಿದಳು. ಹಸಿರು, ಕೆಂಪು, ಕಂದು ಅರಿವೆಯ ತುಂಡುಗಳು, ಅಂಚಿಗೆ ಸುತ್ತಲೂ ಜೋಳದ ಕಾಳಿನಷ್ಟು ಸಣ್ಣ ಹೊಲಿಗೆ.

"ಅಯ್ಯ, ಎಷ್ಟ ಚಂದ ಐತ್ರಿ ಅಕ್ಕಾ! ಯಾರ ಹೊಲದಾರ್ರಿ ಇದನ್ನ?"

"ನಮ್ಮವ್ವ," ಎಂದಳು ದಾಕ್ಷಾಯಿಣಿ.

"ಹಂಗಾರ ಮ್ಯಾಲಿನ ಮಂಚಕ್ಕ ಇದ ಇರಲಿ," ಎಂದಳು ಶಿವವ್ವ, ಪಡಸಾಲೆಯ ಹೊಸ್ತಿಲ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ. "ನೀ ಹೆಂಗೂ ಹಾಸೂದಿಲ್ಲ, ಗಂಟ ಕಟ್ಟಿ ಇಟ್ಟೀದಿ. ಇಲಿ ಕಡದು ಹಾಳಾಗೂದಕಿಂತ ಬರೋಬರಿ ಆತು."

ಹಾಸದೆ ಇಟ್ಟದ್ದು ಅವ್ವನ ಕೈಯ ಹೊಲಿಗೆ ಸವೆಯಬಾರದೆಂದು. ಆದರೂ "ತಗೋರಿ, ಅದಕ್ಕೇನಾತು," ಎಂದಳು. ಆ ಹೊತ್ತು ದಾಕ್ಷಾಯಿಣಿ ರೊಟ್ಟಿ ಬಡಿದ ಸಪ್ಪಳ ಆಚೆ ಮನೆಗೂ ಈಚೆ ಮನೆಗೂ ಕೇಳಿತು.

ಅಂದಿನಿಂದ ಹೊಟ್ಟೆಕಿಚ್ಚಿಗೆ ಕಟ್ಟಿಗೆ ಹಾಕುವ ಕೆಲಸವನ್ನು ಉದ್ದಪ್ಪ ದಿನವೂ ತಪ್ಪದೆ ಮಾಡಿದ. ಮೊದಲು ತೊಲೆಗಳ ಮೇಲೆ ಹಲಗೆ ಬಂತು. ಆಮೇಲೆ ಏಣಿ ಹೋಗಿ ಮೆಟ್ಟಿಲು ಬಂತು. ಮೆಟ್ಟಿಲಿಗೆ ಹಿಡಿದುಕೊಳ್ಳಲು ಕೈಗಂಬಿ. ಮೇಲಿನ ತಗಡಿನ ಬಿಸಿ ತಾಗದಿರಲಿ ಎಂದು ಬಿಳಿ ಥರ್ಮಾಕೋಲಿನ ಹಾಳೆ. ಫ್ಯಾನು. ಮೊಬೈಲು ಚಾರ್ಜು ಮಾಡಲು ಬೇರೆ ಪ್ಲಗ್ಗು. ದಾಕ್ಷಾಯಿಣಿಯ ಖೋಲಿಯಲ್ಲಿ ಇದ್ದದ್ದು ಒಂದು ಮೇಜಿನ ಫ್ಯಾನು, ಅದೂ ಕತ್ತು ತಿರುಗಿಸುವುದನ್ನು ಮರೆತು ಎರಡು ವರ್ಷವಾಗಿತ್ತು. ಸಂಜೆ ಶಾಲೆಯಿಂದ ಬಂದ ವಿದ್ಯಾ ಚೀಲ ಇಳಿಸುವ ಮೊದಲೇ ಮೆಟ್ಟಿಲು ಹತ್ತಿ ನೋಡಿ ಬರುತ್ತಿದ್ದಳು. ಅವಳ ಕಾಲ್ಗೆಜ್ಜೆ ಹೊಸ ಮೆಟ್ಟಿಲುಗಳ ಮೇಲೆ ಝಲ್ ಝಲ್ ಎಂದು ಏರುವಾಗ ದಾಕ್ಷಾಯಿಣಿಗೆ ಕೆಳಗೆ ಕೂತು ಸೊಪ್ಪು ಸೋಸುವುದು ಆಗುತ್ತಿರಲಿಲ್ಲ. ಒಳ್ಳೆಯ ಎಲೆ ಬುಟ್ಟಿಗೆ ಬೀಳುವ ಬದಲು ಕಸಕ್ಕೆ ಬೀಳುತ್ತಿತ್ತು.

ಒಂದು ದಿನ ಉದ್ದಪ್ಪ ಮೂಡಣ ಗೋಡೆ ಒಡೆದು ಕಿಟಕಿಗೆ ಜಾಗ ಮಾಡಿದ. ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಉದ್ದಪ್ಪ ಊಟಕ್ಕೆ ಹೋಗಿದ್ದ, ಅತ್ತೆ ಮೊಣಕಾಲಿನ ಎಣ್ಣೆಗಾಗಿ ಗಾಣದ ಕಡೆ. ದಾಕ್ಷಾಯಿಣಿ ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿದಳು. ಹಲಗೆಗೆ ಹೊಸ ಮರದ ವಾಸನೆ. ಬಗ್ಗದೆ ನಿಲ್ಲಬಹುದಿತ್ತು. ಕಿಟಕಿಯ ತೂತಿನ ಮುಂದೆ ಕೂತಳು.

ಹೊಳೆ ಕಂಡಿತು. ತಗಡು, ಹಂಚು, ಬಣವೆಗಳನ್ನು ದಾಟಿ, ಕಬ್ಬಿನ ಹಸಿರಿನ ಆಚೆಗೆ ಘಟಪ್ರಭೆ ಬಿಸಿಲಿಗೆ ಬೆಳ್ಳಗೆ ಬಿದ್ದುಕೊಂಡಿತ್ತು. ಹದಿನೆಂಟು ವರ್ಷ ಈ ಮನೆಯಲ್ಲಿದ್ದು, ಹೊಳೆ ಉಕ್ಕಿ ಮನೆಯೊಳಗೆ ಬಂದದ್ದನ್ನು ನೋಡಿದ್ದಳೇ ಹೊರತು, ಮನೆಯೊಳಗಿಂದ ಹೊಳೆಯನ್ನು ಒಮ್ಮೆಯೂ ನೋಡಿರಲಿಲ್ಲ. ಗಾಳಿ ಬಂದು ಹಣೆಯ ಬೆವರು ಆರಿಸಿತು. ಇದು ನನಗೆ ಬೇಕಾಗಿತ್ತು, ಎಂದು ಅನ್ನಿಸಿತು. ಆಗ, ಇಪ್ಪತ್ತೆರಡು ವರ್ಷದವಳಾಗಿದ್ದಾಗ, ಇದು ನನಗೆ ಬೇಕಾಗಿತ್ತು. ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು.

ಇಳಿಯಬೇಕೆಂದು ತಿರುಗಿದಾಗ ಎರಡು ಹಲಗೆಯ ಸಂದಿನಲ್ಲಿ ಏನೋ ಮಿಣುಕಿತು. ಬಗ್ಗಿ ಒಂದು ಕಣ್ಣಿಟ್ಟು ನೋಡಿದಳು. ಕೆಳಗೆ, ನೆಟ್ಟಗೆ ಕೆಳಗೆ, ಬೆಳಿಗ್ಗೆ ತಾನೇ ಹಚ್ಚಿದ ದೀಪ. ಜಗಲಿಯ ಮೇಲಿನ ಬೆಳ್ಳಿಯ ವೀರಭದ್ರ, ಹಿತ್ತಾಳೆಯ ಬಸವಣ್ಣ, ಎಲ್ಲಮ್ಮನ ಮುಖ. ಮಂಚ ಇಲ್ಲಿ ಬರುತ್ತದೆಂದು ಉದ್ದಪ್ಪ ಸೀಮೆಸುಣ್ಣದಲ್ಲಿ ಗೀಚಿದ್ದು ಸರಿಯಾಗಿ ಅದರ ಮೇಲೆ. ಕಾಳಿನ ಚೀಲ ಇದ್ದಷ್ಟು ದಿನ ಯಾರಿಗೂ ಹೊಳೆಯದೆ ಇದ್ದದ್ದು ಅವಳಿಗೆ ಆ ಸಂದಿನಲ್ಲಿ ಹೊಳೆಯಿತು.

ಅತ್ತೆಗೆ ನೇರವಾಗಿ ಹೇಳುವಷ್ಟು ಹುಚ್ಚಿಯಲ್ಲ ದಾಕ್ಷಾಯಿಣಿ. ಬಾಜೂ ಮನೆಯ ಭರಮವ್ವ ಮಜ್ಜಿಗೆಯ ಹೆಪ್ಪು ಬೇಡಲು ಬರುವ ತನಕ ಕಾದಳು. ಭರಮವ್ವನಿಗೆ ಹೆಪ್ಪು ನೆಪ. ಉಂಡ ಮನೆಯ ಗಳ ಎಣಿಸುವುದು ಅವಳ ದಿನನಿತ್ಯದ ಕಾಯಕ. ಅವಳ ಬಟ್ಟಲಿಗೆ ಮಜ್ಜಿಗೆ ಹಾಕುತ್ತ ದಾಕ್ಷಾಯಿಣಿ ದನಿ ತಗ್ಗಿಸಿದಳು.

"ನನಗೇನ ತಿಳೀತೈತಿ ಬಿಡಬೇ. ದಿನಾ ದೀಪಾ ಹಚ್ಚಾಕಿ ನಾ ಅಂತ ಮನಸಿನ್ಯಾಗ ಬಂತು ಅಷ್ಟ. ದೇವರ ನೆತ್ತಿ ಮ್ಯಾಲ ಮಂಚಾ ಹಾಕಿ ಗಂಡಾ ಹೆಂಡತಿ ಮಲಗಬಹುದೇನು?"

ಭರಮವ್ವ ಕತ್ತೆತ್ತಿ ಗಳಗಳನ್ನು ಖರೆ ಖರೆ ಎಣಿಸುವವಳ ಹಾಗೆ ನೋಡಿದಳು. ಆಮೇಲೆ ಜಗಲಿ ನೋಡಿದಳು. ಕೈ ಬಾಯಿಗೆ ಹೋಯಿತು. "ಯವ್ವಾ! ಹೌದಲ್ಲಬೇ!"

"ನಾ ಅಂದೆ ಅಂತ ಯಾರ ಮುಂದೂ ಹೇಳಬ್ಯಾಡ ಮತ್ತ."

"ನಾನೇನ? ಈ ಬಾಯಾಗಿಂದ ಹೊರಗ ಬಿದ್ರ ಕೇಳ ನನ್ನ."

ಸಂಜೆಯ ದೀಪ ಹಚ್ಚುವಷ್ಟರಲ್ಲಿ ಮಾತು ಓಣಿ ಸುತ್ತಿ, ಬೆಳೆದು ದೊಡ್ಡದಾಗಿ, ಶಿವವ್ವನ ಕಿವಿಗೆ ಬಂದು ಮುಟ್ಟಿತು. ಭರಮವ್ವ ದಾಕ್ಷಾಯಿಣಿಯ ಹೆಸರೆತ್ತಲಿಲ್ಲ. ಅಷ್ಟು ದೊಡ್ಡ ವಿಚಾರ ತನಗೇ ಹೊಳೆಯಿತು ಎಂದು ಹೇಳಿಕೊಳ್ಳುವ ಆಸೆ ಅವಳಿಗೂ ಇತ್ತು. ಶಿವವ್ವ ಮುಖ ಬಾಡಿಸಿಕೊಂಡು ಜಗಲಿಯ ಮುಂದೆ ಕೂತಳು. ಹೋದ ತಿಂಗಳು ಎಮ್ಮೆ ಕಂದು ಹಾಕಿದ್ದು ಯಾಕೆ, ಮಲ್ಲೇಶ ಬೈಕಿನಿಂದ ಜಾರಿದ್ದು ಯಾಕೆ, ತನ್ನ ಮೊಣಕಾಲು ಈ ವರ್ಷವೇ ಹೀಗೆ ಯಾಕೆ ಹಿಡಿಯಿತು, ಎಲ್ಲಕ್ಕೂ ಒಂದೇ ಏಟಿಗೆ ಉತ್ತರ ಸಿಕ್ಕಿತ್ತು. ಎಮ್ಮೆ ಕಂದು ಹಾಕಿದಾಗ ಅಟ್ಟಕ್ಕೆ ಒಂದು ಹಲಗೆಯೂ ಬಿದ್ದಿರಲಿಲ್ಲ ಎಂದು ಮಲ್ಲೇಶ ಹೇಳಿ ನೋಡಿದ. ಮನಸ್ಸಿನಲ್ಲಿ ಅಂದುಕೊಂಡದ್ದು ದೇವರಿಗೆ ಗೊತ್ತಾಗದೆ ಇರುತ್ತದೆಯೇ ಎಂದು ಅವ್ವ ಬಾಯಿ ಮುಚ್ಚಿಸಿದಳು.

ಮರುದಿನ ಉದ್ದಪ್ಪ ಉಳಿ, ಕರಗಸ ಚೀಲಕ್ಕೆ ತುಂಬಿದ. "ಕೊಣ್ಣೂರಾಗ ಒಂದ ಬಾಗಲದ ಕೆಲಸಾ ಐತ್ರಿ. ನಿಮ್ಮ ದೇವರದು ನಿಕಾಲಿ ಆದಮ್ಯಾಲ ಹೇಳಿ ಕಳಸ್ರಿ."

ಆ ರಾತ್ರಿ ದಾಕ್ಷಾಯಿಣಿ ಖೋಲಿಯ ಚಿಲಕ ಹಾಕಿಕೊಂಡು ಮೈ ಮರೆತು ಮಲಗಿದಳು. ಬೆಳಿಗ್ಗೆ ವಿದ್ಯಾಳ ಬುತ್ತಿ ಕಟ್ಟುವಾಗ ಮಾತ್ರ ಹುಡುಗಿಯ ಕಣ್ಣ ಕೆಳಗಿನ ಕಪ್ಪು ಕಂಡಿತು. ರೊಟ್ಟಿಗೆ ಎರಡು ಚಮಚ ಜಾಸ್ತಿ ತುಪ್ಪ ಹಾಕಿದಳು. ಅದಕ್ಕೆ ವಿದ್ಯಾ "ನೀವಿದ್ದೀರಿ ಅಂತ ನಾ ಈ ಮನ್ಯಾಗ ಇದ್ದೇನ್ರಿ ಅಕ್ಕಾ" ಎಂದು ಕೈ ಹಿಡಿದಾಗ, ತುಪ್ಪದ ಡಬ್ಬಿಯ ಮುಚ್ಚಳ ಎಷ್ಟು ತಿರುಗಿಸಿದರೂ ಕೂರಲಿಲ್ಲ.

ಹನ್ನೆರಡು ದಿನ ಹೀಗೇ ಹೋಯಿತು. ಸೋಮವಾರ ಶಿವವ್ವ ಮಠದ ಅಯ್ಯನವರನ್ನು ಕರೆಸಿದಳು. ವಯಸ್ಸಾದ ಮನುಷ್ಯ. ಪಾದಪೂಜೆಯಾಯಿತು, ಚಹಾ ಆಯಿತು. ಆಮೇಲೆ ಅವರು ನಡುಮನೆಗೆ ಬಂದು ಒಮ್ಮೆ ಜಗಲಿಯನ್ನೂ ಒಮ್ಮೆ ಅರ್ಧ ಮುಗಿದ ಅಟ್ಟವನ್ನೂ ನೋಡಿದರು. ದಾಕ್ಷಾಯಿಣಿ ಅಡಿಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು.

"ಶಿವವ್ವ, ಮ್ಯಾಲ ಕಾಳ ಇದ್ರ ತ್ರಾಸಿಲ್ಲ. ಕಾಳೂ ದೇವರ. ಆದ್ರ ಮನಷ್ಯಾ ಮಲಗೂದು ಬರೋಬರಿ ಅಲ್ಲ ನೋಡು."

ದಾಕ್ಷಾಯಿಣಿಯ ಎದೆಯ ಮೇಲಿನ ಕಲ್ಲು ಇಳಿಯಿತು. ಮೂಲೆಯಲ್ಲಿ ನಿಂತಿದ್ದ ವಿದ್ಯಾ ತಲೆ ತಗ್ಗಿಸಿದಳು.

"ಅಂತ ಹೇಳಿ ಹುಡುಗೂರ್ನ ಹೊರಗ ಹಾಕತೀಯೇನು? ಅವರು ಬಾಳೇ ಮಾಡಬೇಕೋ ಬ್ಯಾಡೋ? ಜಗಲಿ ಸರಸು."

"ಎಲ್ಲಿಗೆ ಸರಸಲ್ರಿ ಅಪ್ಪಾ?"

ಅಯ್ಯನವರು ಕೋಲೂರಿಕೊಂಡು ನಡೆದರು. ಪಡಸಾಲೆ ನೋಡಿ, ಚಪ್ಪಲಿ ಓಡಾಡುವ ಜಾಗ ಬೇಡ ಎಂದರು. ಅಡಿಗೆಮನೆ ನೋಡಿ, ಗೋಡೆಯ ಆಚೆಗೆ ಬಚ್ಚಲು ಎಂದರು. ಖೋಲಿಯ ಮುಂದೆ ಬಂದು ನಿಂತರು. ಬಾಗಿಲು ತೆರೆದೇ ಇತ್ತು. ಒಳಗೆ ಕತ್ತು ಹಾಕಿ ಮೇಲೆ ನೋಡಿದರು. ಖೋಲಿಯ ಮೇಲೆ ಅಟ್ಟವಿರಲಿಲ್ಲ. ತಗಡು, ತಗಡಿನ ಮೇಲೆ ಆಕಾಶ.

"ಮ್ಯಾಲ ಯಾರೂ ಮಲಗಾಂಗಿಲ್ಲ, ತುಳಿಯಾಂಗಿಲ್ಲ. ಮೂಡಣ ದಿಕ್ಕ. ಇದಕಿಂತ ಚಲೋ ಜಾಗಾ ಯಾವದೈತಿ?"

ಸ್ವಲ್ಪ ಹೊತ್ತು ಯಾರೂ ದಾಕ್ಷಾಯಿಣಿಯನ್ನು ನೋಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ನೋಡಿದರು.

"ಅದು ನಮ್ಮ ಖೋಲಿ ಐತ್ರಿ," ಎಂದಳು.

"ಅಲ್ಲ ಅಂತ ಯಾರಂದ್ರು ತಂಗಿ? ದೇವರು ನಿನ್ನ ಖೋಲಿ ಹುಡಿಕ್ಯಾಡಿಕೊಂಡ ಬರಾಕತ್ತಾನ. ಹಿರೇ ಸೊಸಿ ಪುಣ್ಯಾ ಇದು."

"ಹಂಗ ನೋಡಿದ್ರ ಖರೇನ," ಎಂದಳು ಶಿವವ್ವ, ಹನ್ನೆರಡು ದಿನದಲ್ಲಿ ಮೊದಲ ಸಲ ಮುಖ ಅರಳಿಸಿ. "ಗುರುಪಾದ ಕರೆಂಟ ಬಂದಾಗ ಕಬ್ಬಿಗೆ ನೀರ ಹಾಯಸಾಕಂತ ವಾರದಾಗ ಐದ ದಿನಾ ತ್ವಾಟದಾಗ ಮಲಗತಾನ. ಲಕ್ಷ್ಮೀ ಗೋಕಾಕದಾಗ. ಒಬ್ಬಾಕಿಗೆ ಬಾಗಲಾ ಹಾಕ್ಕೊಂಡು ಮಲಗಾಕ ಖೋಲಿ ಯಾಕ ಬೇಕವಾ?"

ಏನು ಹೇಳುತ್ತಾಳೆ? ದೇವರ ನೆತ್ತಿಯ ಮೇಲೆ ಮಲಗಿದರೂ ನಡೆಯುತ್ತದೆ ಬಿಡ್ರಿ ಎನ್ನುತ್ತಾಳೆಯೇ? ದೇವರನ್ನು ಎಬ್ಬಿಸಿ ನಿಲ್ಲಿಸಿದ್ದು ತಾನೇ. ಎದ್ದ ದೇವರು ತನ್ನ ಹಾಸಿಗೆಯ ಮೇಲೇ ಬಂದು ಕೂರುತ್ತಾನೆಂದು ಯಾರಿಗೆ ಗೊತ್ತಿತ್ತು. ಆ ಹಲಗೆಯ ಸಂದಿನಲ್ಲಿ ಕೆಳಗೆ ನೋಡಿದ್ದಳು. ತನ್ನ ಖೋಲಿಯ ಮೇಲೆ ಏನಿದೆ ಎಂದು ಒಮ್ಮೆ ಕತ್ತೆತ್ತಿ ನೋಡುವುದನ್ನು ಮರೆತಿದ್ದಳು.

ಮರುದಿನ ಬೆಳಿಗ್ಗೆ ತೋಟದಿಂದ ಬಂದ ಗುರುಪಾದನಿಗೆ ತಾಟು ಇಡುತ್ತ ಕೇಳಿದಳು. "ಹಂಗಾರ ನಾವೆಲ್ಲಿ ಮಲಗೂದು?"

"ನಡಮನ್ಯಾಗ. ಮೊದಲ ಮಲಗತಿರಲಿಲ್ಲೇನು?"

"ಮೊದಲ ನನಗ ಇಪ್ಪತ್ತೆರಡ ವಯಸ್ಸ."

ಗುರುಪಾದ ರೊಟ್ಟಿ ಮುರಿದ. ಕೆಟ್ಟವನಲ್ಲ, ನಿದ್ದೆಗೆಟ್ಟ ಕಣ್ಣು, ಕೆಸರು ಆರಿದ ಕಾಲು. "ದೇವರದು ಅಂದಮ್ಯಾಲ ನಾ ಏನ ಅನ್ನಲಿ? ಸುಮ್ಮ ಇದ್ದ ಮನ್ಯಾಗ ಯಾರಿಗೆ ಈ ಹುಳಾ ಹೊಕ್ಕಿತ್ತೋ ಏನೋ."

ಅವಳು ಅವನ ತಾಟಿಗೆ ಪಲ್ಯ ಹಾಕಿದಳು. ಅವನು ಸಾಕು ಸಾಕು ಎಂದರೂ ಹಾಕಿದಳು.

ಮುಂದಿನ ಸೋಮವಾರ ಜಗಲಿ ಸರಿಸುವುದೆಂದಾಯಿತು. ಖೋಲಿ ಖಾಲಿ ಮಾಡಿ, ಸುಣ್ಣ ಬಳಿದು, ಸಾರಿಸಿ ರಂಗೋಲಿ ಹಾಕಿದರು. ದಾಕ್ಷಾಯಿಣಿಯ ಟ್ರಂಕು ನಡುಮನೆಯ ಪಡುವಣ ಮೂಲೆಗೆ ಬಂತು. ಖೋಲಿಯಲ್ಲಿದ್ದ ಅವಳ ಮಂಚ ಆ ಮೂಲೆಗೆ ಹಿಡಿಸಲಿಲ್ಲ. ಕೊಣ್ಣೂರಿನಿಂದ ಮರಳಿ ಬಂದಿದ್ದ ಉದ್ದಪ್ಪ ಅದರ ಕಾಲು ಬಿಚ್ಚಿ, ಒಂದೊಂದಾಗಿ ಹೊತ್ತು ಮೆಟ್ಟಿಲು ಹತ್ತಿಸಿ, ಅಟ್ಟದ ಮೇಲೆ ಮತ್ತೆ ಜೋಡಿಸಿದ. ಅದರ ಮೇಲೆ ಅವ್ವನ ಕೌದಿ ಹಾಸಿದರು.

ಆ ಮನೆಯ ಪದ್ಧತಿಯ ಪ್ರಕಾರ ಜಗಲಿಯ ದೇವರುಗಳನ್ನು ಹೊರುವುದು ಹಿರಿಯ ಸೊಸೆ. ಉಪವಾಸವಿದ್ದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯ ಉಡಿಯಲ್ಲಿ ದೇವರನ್ನು ತುಂಬಿಕೊಳ್ಳಬೇಕು. ಹೊಸ ಜಾಗಕ್ಕೆ ಮುಟ್ಟುವವರೆಗೂ ಹಿಂದೆ ತಿರುಗಿ ನೋಡಬಾರದು, ಬಾಯಿ ಬಿಡಬಾರದು. ಶಿವವ್ವ ಒಂದೊಂದೇ ಮೂರ್ತಿಯನ್ನು ಉಡಿಗೆ ಇಟ್ಟಳು. ವೀರಭದ್ರ ಅಂಗೈಯಷ್ಟೇ ಇದ್ದರೂ ಭಾರ. ಅಯ್ಯನವರು ಮುಂದೆ ಗಂಟೆ ಬಾರಿಸುತ್ತ ನಡೆದರು. ನಡುಮನೆಯಿಂದ ಖೋಲಿಗೆ ಹದಿನೈದು ಹೆಜ್ಜೆ. ಮಾತಾಡಬಾರದೆಂಬ ಕಟ್ಟಳೆ ಇದ್ದದ್ದು ಅವಳಿಗೆ ಒಳ್ಳೆಯದೇ ಆಯಿತು. ತಾನು ಹದಿನಾಲ್ಕು ವರ್ಷ ಮಲಗಿದ್ದ ಜಾಗದಲ್ಲಿ, ತಲೆದಿಂಬು ಇರುತ್ತಿದ್ದ ಗೋಡೆಯ ಹತ್ತಿರ, ತನ್ನ ಕೈಯಾರೆ ಒಂದೊಂದೇ ದೇವರನ್ನು ಇಳಿಸಿದಳು. ದೀಪ ಹಚ್ಚಿದಳು. ಓಣಿಯ ಹೆಂಗಸರು ಅವಳ ಕಾಲಿಗೆ ಬಿದ್ದರು. ಎಲ್ಲರಿಗಿಂತ ಮೊದಲು ಬಿದ್ದವಳು ಭರಮವ್ವ.

ಜನ ಉಂಡು ಹೋದ ಮೇಲೆ ಉದ್ದಪ್ಪ ಖೋಲಿಯ ಬಾಗಿಲ ಮುಂದೆ ಕೂತು ತಿರುಪು ಬಿಚ್ಚತೊಡಗಿದ. "ದೇವರ ಖೋಲಿಗೆ ಒಳಗಿನ ಚಿಲಕಾ ಯಾಕಂತ ನಿಮ್ಮ ಅತ್ತ್ಯಾರ ಅಂದಾರ್ರಿ. ಹೊರಗಿಂದ ಒಂದ ಕೊಂಡಿ ಸಾಕಂತ." ನಾಲ್ಕು ತಿರುಪೂ ಬಂದವು. ಹಿತ್ತಾಳೆಯ ಚಿಲಕವನ್ನು ತೊಡೆಗೆ ಒರೆಸಿ ಅವಳ ಕೈಗೆ ಕೊಟ್ಟ. "ಚಲೋ ಮಾಲ ಐತ್ರಿ ವೈನ್ಯಾರ. ಈಗ ಇಂಥಾದು ಸಿಗೂದಿಲ್ಲ."

ದಾಕ್ಷಾಯಿಣಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೂಲೆಯ ಮೊಳೆಗಳು ಇನ್ನೂ ಅಲ್ಲೇ ಇದ್ದವು. ವರ್ಷ ವರ್ಷ ಬಳಿದ ಸುಣ್ಣ ಅವುಗಳ ಮೇಲೆ ಗಡ್ಡೆ ಕಟ್ಟಿತ್ತು. ಟ್ರಂಕಿನ ತಳದಿಂದ ಆ ಇಳಕಲ್ ಸೀರೆ ತೆಗೆದಳು. ಮಡಿಕೆ ಇದ್ದಲ್ಲಿ ಒಂದೆರಡು ಕಡೆ ಬಿರಿದಿತ್ತು. ಹಗ್ಗದ ಒಂದು ತುದಿ ಕಟ್ಟಿ ಇನ್ನೊಂದಕ್ಕೆ ಕೈ ಚಾಚುವಾಗ ವಿದ್ಯಾ ಬಂದು ಹಗ್ಗ ಹಿಡಿದಳು.

"ನಾ ಜಗ್ಗಿ ಹಿಡೀತೇನ್ರಿ ಅಕ್ಕಾ. ನೀವು ಸೀರಿ ಹಾಕ್ರಿ."

ಸೀರೆ ಹಗ್ಗದ ಮೇಲೆ ಬಿತ್ತು. ಆಚೆ ವಿದ್ಯಾ, ಈಚೆ ದಾಕ್ಷಾಯಿಣಿ. ಈಗ ಮುಖ ಕಾಣದ್ದಕ್ಕೋ ಏನೋ, ವಿದ್ಯಾ ಮಾತು ತೆಗೆದಳು.

"ಒಂದ ಹೇಳಲೇನ್ರಿ? ಸಿಟ್ಟಾಗಬಾರದ ಮತ್ತ. ನಾಕ ತಿಂಗಳಿಂದ ನಿಮ್ಮ ಖೋಲಿ ನೋಡಿ ನನ್ನ ಹೊಟ್ಟಿ ಉರೀತಿತ್ರಿ."

ದಾಕ್ಷಾಯಿಣಿಯ ಕೈ ನಿಂತಿತು.

"ದಿನಾ ನೀವು ಒಳಗ ಹೋಗಿ ಚಿಲಕಾ ಹಾಕ್ಕೊಂಡ ಸಪ್ಪಳಾ ಕೇಳತಿತ್ತು. ನಾ ಅತ್ತ್ಯಾರ ಮಗ್ಗಲ ಮಲಕೊಂಡು, ಎಷ್ಟ ಪುಣ್ಯಾ ಮಾಡ್ಯಾರ ಇವರು ಅಂತ ಅನ್ನಕೋತಿದ್ದೆ. ಮ್ಯಾಲ ಏನ ಐತ್ರಿ? ಖಿಡಕಿ ಐತಿ, ಫ್ಯಾನ ಐತಿ. ಮೆಟ್ಟಲಾ ಬರೂ ತೂತಿಗೆ ಒಂದ ಮುಚ್ಚಳಾ ಇಲ್ಲ. ಕೆಳಗ ಅತ್ತ್ಯಾರು ಕೆಮ್ಮಿದ್ರೂ ಕೇಳತೈತಿ. ನಾಳೆ ನಾವು ಹೊಳ್ಳಿ ಮಲಗಿದ್ರೂ ಅವರಿಗೆ ಕೇಳತೈತಿ. ಉದ್ದಪ್ಪಣ್ಣನ್ನ ಕೇಳಿದ್ರ, ಹಲಗಿ ಉಳದಾವು, ಮುಚ್ಚಳಾ ಮಾಡತೇನಿ, ಒಂದ ಚಿಲಕಾ ತಂದ ಕೊಡ್ರಿ ಅಂದಾನ. ಹ್ಯಾಂಗ ಕೇಳಲ್ರಿ ಅತ್ತ್ಯಾರ್ನ? ನಾಚಿಕಿ ಬರತೈತಿ."

ಭರಮವ್ವನ ಬಟ್ಟಲಿಗೆ ಮಜ್ಜಿಗೆ ಹಾಕಿದವಳು ನಾನೇ ಎಂಬ ಮಾತು ದಾಕ್ಷಾಯಿಣಿಯ ನಾಲಿಗೆಯ ತುದಿಯವರೆಗೂ ಬಂತು. ದೇವರನ್ನು ಹೊತ್ತ ದಿನ. ಆಡಿದರೆ ಇಂದೇ ಆಡಬೇಕು. ಆಡಲಿಲ್ಲ.

"ಹಗ್ಗಾ ಜಗ್ಗು," ಎಂದಳು. "ಬಿಗಿ ಆಗಿಲ್ಲ."

ಗಂಟು ಬಿಗಿಯಲು ಎರಡೂ ಕೈ ಎತ್ತಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಸಡಿಲಿ ಜಾರಿತು. ಚಿಲಕ ಫರಸಿ ಕಲ್ಲಿನ ನೆಲದ ಮೇಲೆ ಠಣ್ ಎಂದು ಬಿದ್ದು, ಒಂದು ಸುತ್ತು ತಿರುಗಿ, ಸೀರೆಯ ಅಂಚಿನ ಕೆಳಗೆ ಆಚೆಗೆ ಹೋಯಿತು.

ಖೋಲಿಯ ಕಡೆಯಿಂದ ಊದಿನಕಡ್ಡಿಯ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅಂಚಿನ ಕೆಳಗೆ ಹಸಿರು ಬಳೆಯ ಕೈಯೊಂದು ಬಂತು. ಚಿಲಕವನ್ನು ಮೆಲ್ಲಗೆ ಈಚೆಗೆ ಸರಿಸಿ, ಹಿಂದಕ್ಕೆ ಹೋಯಿತು.

ದಾಕ್ಷಾಯಿಣಿ ಕೂತಳು. ಚಿಲಕವನ್ನು ಎತ್ತಿಕೊಂಡಳು. ಅದರ ಗುಬುಟು ಹದಿನಾಲ್ಕು ವರ್ಷ ಅವಳ ಬೆರಳು ತಾಗಿ ತಾಗಿ ನುಣ್ಣಗಾಗಿತ್ತು. ಒಮ್ಮೆ ಮುಂದಕ್ಕೆ ದೂಡಿದಳು, ಹಿಂದಕ್ಕೆ ಎಳೆದಳು. ಕೊಡಲು ಮನಸ್ಸಿರಲಿಲ್ಲ. ಇಟ್ಟುಕೊಂಡರೆ ಹಾಕಲು ಬಾಗಿಲಿರಲಿಲ್ಲ. ಆಮೇಲೆ ಅದನ್ನು ನೆಲದ ಮೇಲಿಟ್ಟು, ಅಂಚಿನ ಕೆಳಗೆ ಆಚೆಗೆ ಸರಿಸಿದಳು. ಬಳೆಯ ಕೈ ಕಾಯುತ್ತಲೇ ಇತ್ತು. ಕಾಲ್ಗೆಜ್ಜೆ ಮೆಟ್ಟಿಲು ಹತ್ತಿ ಹೋಯಿತು.

ಹಾಸಿಗೆ ಬಿಚ್ಚುವಷ್ಟರಲ್ಲಿ ಮೇಲೆ ಉದ್ದಪ್ಪನ ಸುತ್ತಿಗೆಯ ಸಪ್ಪಳ ಸುರುವಾಯಿತು. ಪ್ರತಿ ಏಟಿಗೂ ಹಲಗೆಯ ಸಂದಿನಿಂದ ಸಣ್ಣಗೆ ಮರದ ಹುಡಿ ಉದುರಿ ದಾಕ್ಷಾಯಿಣಿಯ ಕೂದಲ ಮೇಲೆ ಬೀಳುತ್ತಿತ್ತು. ಅವಳು ಜಾಗ ಬಿಟ್ಟು ಏಳಲಿಲ್ಲ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.